ನಲವತ್ತೊಂದು ಸೆಕೆಂಡಿನ ಅವ್ವ

ಬೆಳಗಿನ ಆರೂವರೆ. ಸಂಗ್ರಹಾಲಯದ ಹಿಂಬಾಗಿಲಿನಿಂದ ಒಳಬರುವ ಆಕೆ ಮೊದಲು ಪೊರಕೆ ಮುಟ್ಟುವುದಿಲ್ಲ. ನೇರ ನಾಲ್ಕನೇ ಕೋಣೆಗೆ ಹೋಗಿ ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತುತ್ತಾರೆ. ಜಾಲರಿಯ ಹಿಂದಿನಿಂದ ಹೆಂಗಸೊಬ್ಬಳ ಒರಟು ದನಿ ಹೊರಡುತ್ತದೆ. ನಲವತ್ತೊಂದು ಸೆಕೆಂಡು. ಕೊನೆಗೆ ಒಂದೇ ಶಬ್ದ ಮೂರು ಸಲ ಕೇಳಿಸಿ ನಿಲ್ಲುತ್ತದೆ. ಆಕೆ ಅದೇ ಭಾಷೆಯಲ್ಲಿ ‘ಬಂದೆ’ ಎಂದು ಉತ್ತರಿಸಿ ಬಕೆಟ್ ತುಂಬಿಸಲು ಹೊರಡುತ್ತಾರೆ.

ಗುಂಡಿಯ ಪಕ್ಕದ ಫಲಕ ಹೇಳುವುದಿಷ್ಟು: ‘ಬೆಟ್ಟದ ಮೂಲನಿವಾಸಿಗಳ ಪ್ರಾರ್ಥನೆ. ಕೊನೆಯಲ್ಲಿ ಮೂರು ಬಾರಿ ದೇವತೆಯ ಹೆಸರು ಕರೆಯಲಾಗಿದೆ.’

ದನಿ ಆಕೆಯ ತಾಯಿಯದು. ಅದು ಪ್ರಾರ್ಥನೆಯಲ್ಲ, ಬೈಗುಳ.

ಐವತ್ತೆಂಟು ವರ್ಷದ ಆಕೆ ಇಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಆರು ಕೋಣೆ, ಅರವತ್ತೆರಡು ಗಾಜಿನ ಪೆಟ್ಟಿಗೆ. ಪ್ರತಿ ಗಾಜಿಗೂ ಒಮ್ಮೆ ಒದ್ದೆ ಬಟ್ಟೆ, ಒಮ್ಮೆ ಒಣ ಬಟ್ಟೆ. ಹತ್ತು ಗಂಟೆಗೆ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಒಳಗಿರುವ ಬೆತ್ತದ ಬುಟ್ಟಿ ಹೆಣೆಯಲು ಆಕೆಗೆ ಬರುತ್ತದೆ. ಅದನ್ನು ಮುಟ್ಟಲು ಅನುಮತಿಯಿಲ್ಲ.

“ನನಗಾಗ ಎಂಟು ವರ್ಷ. ದನಿ ಹಿಡಿಯೋ ಪೆಟ್ಟಿಗೆ ತಗೊಂಡು ಒಬ್ರು ಬಂದು, ಪ್ರಾರ್ಥನೆ ಹೇಳಿ ಅಂತ ಅವ್ವನ ಬೆನ್ನು ಬಿದ್ರು. ಕೇಳಿದೋರಿಗೆಲ್ಲ ಹೇಳೋಕೆ ಅದೇನು ಸಂತೆ ಸರಕಾ? ಒಲೆ ಮೇಲೆ ಹಾಲು ಬೇರೆ ಉಕ್ತಿತ್ತು. ಸಿಟ್ಟಲ್ಲಿ ಅವರಿಗೂ ಬೈದು, ಹಾಲು ಇಳಿಸು ಅಂತ ನನ್ನ ಮೂರು ಸಲ ಕೂಗಿದ್ಲು. ನಾನು ಪೆಟ್ಟಿಗೆ ನೋಡ್ತಾ ಬಾಯಿ ಬಿಟ್ಕೊಂಡು ನಿಂತಿದ್ದೆ. ಹಾಲೆಲ್ಲ ಒಲೆ ಪಾಲು.”

ಹಾಗಾದರೆ ಆ ದೇವತೆಯ ಹೆಸರು? “ಅದು ನನ್ನನ್ನ ಕರೀತಿದ್ದ ಹೆಸರು. ಸಿಂಬಳಮೂಗಿ ಅಂತ ಅರ್ಥ!” ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಹದಿನೆಂಟು ವರ್ಷ ಈ ಗುಟ್ಟು ಆಕೆ ಮತ್ತು ಆಕೆಯ ಅಕ್ಕನ ನಡುವೆ ಮಾತ್ರ ಇತ್ತು. ಆ ಭಾಷೆ ಆಡಲು ಉಳಿದಿದ್ದವರೂ ಅವರಿಬ್ಬರೇ. ಹೋದ ವರ್ಷ ಅಕ್ಕ ತೀರಿಕೊಂಡರು. “ಈಗ ನನ್ನ ಜೊತೆ ಮಾತಾಡೋದು ಗೋಡೆ ಒಂದೇ.”

ಗುಟ್ಟು ರಟ್ಟಾಗಿದ್ದು ಕಳೆದ ತಿಂಗಳು. ಶಾಲಾ ಮಕ್ಕಳನ್ನು ಕರೆತಂದಿದ್ದ ಶಿಕ್ಷಕಿಯೊಬ್ಬರು ಕೈಮುಗಿಸಿ, ದೇವತೆಯ ಹೆಸರು ಹೇಳಿಸಿದರು. ನಲವತ್ತು ಮಕ್ಕಳು ಒಕ್ಕೊರಲಿನಿಂದ ಆಕೆಯ ಭಾಷೆಯಲ್ಲಿ ‘ಸಿಂಬಳಮೂಗಿ’ ಎಂದಾಗ ಮೂಲೆಯಲ್ಲಿ ಯಾರೋ ಚೆಲ್ಲಿದ ನೀರು ಒರೆಸುತ್ತಿದ್ದ ಆಕೆ ತಡೆಯಲಾರದೆ ಗಟ್ಟಿಯಾಗಿ ನಕ್ಕರು. ಮುಖ್ಯಸ್ಥರು ಕರೆಸಿ ಕಾರಣ ಕೇಳಿದರು. ಆಕೆ ಇದ್ದದ್ದನ್ನು ಇದ್ದಂತೆ ಹೇಳಿದರು.

“ಫಲಕ ತಿದ್ದಿ, ನಮ್ಮವ್ವನ ದನಿ ಅಂತ ಬರೀತಾರೆ ಅಂದ್ಕೊಂಡೆ.”

ಮುಖ್ಯಸ್ಥರ ಲೆಕ್ಕವೇ ಬೇರೆ. “ತಪ್ಪು ಮಾಹಿತಿ ಇಡೋ ಹಾಗಿಲ್ಲಮ್ಮ. ಪ್ರಾರ್ಥನೆ ಅಲ್ಲ ಅಂದ್ಮೇಲೆ ಅದಕ್ಕೆ ಇಲ್ಲೇನು ಕೆಲಸ?” ಬರುವ ಸೋಮವಾರ ಯಂತ್ರ ಕಳಚುತ್ತಾರೆ. ಆ ಜಾಗಕ್ಕೆ ಬೆಟ್ಟದ ದೊಡ್ಡದೊಂದು ಚಿತ್ರ ಬರಲಿದೆ.

“ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ, ಸುಳ್ಳಲ್ಲ,” ಎನ್ನುತ್ತಾರೆ ಆಕೆ. ಬಾಗಿಲ ಕಾವಲುಗಾರ ಈಗಲೂ “ದೇವ್ರಮ್ಮ ಬಂದ್ರು, ದಾರಿ ಬಿಡ್ರಪ್ಪ” ಎಂದು ಕಿಚಾಯಿಸುತ್ತಾನೆ. “ಸೋಮವಾರದವರೆಗೆ ಕಣಪ್ಪಾ,” ಎಂದು ಆಕೆ ಮುಂದೆ ಹೋಗುತ್ತಾರೆ.

ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. “ಮಗ ಹಿಡ್ಕೊಟ್ಟಿದಾನೆ. ಮನೇಲಿ ಹಾಕಿದ್ರೆ ಮೊಮ್ಮಗಳು, ‘ಏನಜ್ಜಿ ಈ ಗಲಾಟೆ, ಆಫ್ ಮಾಡು’ ಅಂತಾಳೆ. ಅವಳ ತಪ್ಪೇನಿದೆ? ಕಲಿಸಿದ್ರೆ ತಾನೆ ಬರೋದು. ಇಲ್ಲಿ ಹಾಗಲ್ಲ. ತಿಳೀದೇ ಇದ್ರೂ ಜನ ತಲೆ ಬಗ್ಗಿಸಿ ಪೂರ್ತಿ ಕೇಳ್ತಿದ್ರು. ಸುಳ್ಳು ಫಲಕಾನೇ ಇರ್ಲಿ ಬಿಡಿ ಅಂತ ಆಮೇಲೆ ಬೇಡ್ಕೊಂಡೆ, ಕಾಲು ಹಿಡಿಯೋದೊಂದು ಬಾಕಿ. ಮುಖ್ಯಸ್ಥರು ಒಪ್ಪಲಿಲ್ಲ.”

ಒಂಬತ್ತೂ ಮುಕ್ಕಾಲು. ಕೊನೆಯ ಗಾಜು ಒರೆಸಿ ಬಟ್ಟೆ ಹಿಂಡುತ್ತಾರೆ. ಸೋಮವಾರ ರಜೆ ಹಾಕಿ ಮನೆಯಲ್ಲಿರಬಾರದೇ ಎಂಬ ಪ್ರಶ್ನೆಗೆ ಆಕೆಗೆ ಅಚ್ಚರಿ.

“ಗೋಡೆ ಕೊರೆದ್ರೆ ಧೂಳು ಬೀಳಲ್ವಾ? ಗುಡಿಸೋಳು ನಾನೇ. ಅವತ್ತು ಅವ್ವ ಕರೆದಾಗ ಹೋಗ್ಲಿಲ್ಲ. ಈ ಸಲವಾದ್ರೂ ಹತ್ರ ಇರ್ತೀನಿ.”