ಎರಡನೇ ಬ್ರೇಕ್

ಅವರ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಅವರ ಕಾಲಡಿ. ಡ್ರೈವಿಂಗ್ ಸ್ಕೂಲಿನ ಆ ಪಕ್ಕದ ಸೀಟಿನಲ್ಲಿ ಇಪ್ಪತ್ತಾರು ವರ್ಷ ಕೂತು ಕೂತು ಬಲಗಾಲಿಗೆ ಒಂದು ಚಟ ಅಂಟಿಕೊಂಡಿದೆ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾರೆ. ಮನೆಯಲ್ಲಿ ಟಿ.ವಿ.ಯೊಳಗೆ ಗಾಡಿ ಜೋರಾಗಿ ಬಂದರೆ ಎದುರಿನ ಟೀಪಾಯಿ ಅಲ್ಲಾಡುತ್ತದೆ. "ರೀ, ಅದು ಟಿ.ವಿ. ತಾನಾಗೇ ನಿಲ್ಲುತ್ತೆ," ಎನ್ನುತ್ತಾರೆ ಹೆಂಡತಿ. ಬೀದಿಯವರ ಬಾಯಲ್ಲಿ ಅವರು ಬ್ರೇಕ್ ಮೇಷ್ಟ್ರು.

ಹೋದ ವರ್ಷ ಅದೇ ಸೀಟಿನಲ್ಲಿ ಸಿಕ್ಕಿಬಿದ್ದರು. ಕೆಂಪು ದೀಪಕ್ಕೆ ಕಾರು ನಿಂತಿತ್ತು. ಸ್ಟೀರಿಂಗ್ ಇದ್ದದ್ದು ಕಲಿಯಲು ಬಂದ ಹಲ್ಲಿನ ಡಾಕ್ಟರ ಕೈಯಲ್ಲಿ. ಮೇಷ್ಟ್ರು ಫೋನೆತ್ತಿ ಹತ್ತು ಸೆಕೆಂಡು ಮಾತಾಡಿದ್ದರು, ಅಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಕಿಟಕಿ ತಟ್ಟಿದ.

"ಓಡಿಸ್ತಿರೋದು ನಾನಲ್ಲ ಸಾರ್, ಡಾಕ್ಟ್ರು."

ಪೊಲೀಸ್ ಬಗ್ಗಿ ಕೆಳಗೆ ನೋಡಿದ. "ಆ ಬ್ರೇಕ್ ಮೇಲಿರೋ ಕಾಲು ಯಾರ್ದು?"

ಕಾಲು ಮೇಷ್ಟರದ್ದೇ. ಅಲ್ಲಿನ ಕಾನೂನಿನ ಪ್ರಕಾರ ಕಲಿಸಲು ಪಕ್ಕದಲ್ಲಿ ಕೂತವರೂ ಚಾಲಕರೇ. ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದರೂ ಕೈಯಲ್ಲಿ ಫೋನ್ ಹಿಡಿಯುವಂತಿಲ್ಲ. ಪ್ರತಿ ಸೋಮವಾರ ಹೊಸಬರಿಗೆ ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಡುವವರು ಇದೇ ಮೇಷ್ಟ್ರು. ಇನ್ನೊಮ್ಮೆ ಸಿಕ್ಕರೆ ಕಲಿಸುವ ಪರವಾನಗಿ ರದ್ದು. ವಯಸ್ಸು ಐವತ್ತೆಂಟು, ಬೇರೆ ಕೆಲಸ ಗೊತ್ತಿಲ್ಲ. ಅಂದಿನಿಂದ ಫೋನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಗಾಜು ಒರೆಸುವ ಬಟ್ಟೆಯ ಕೆಳಗೆ.

ಆ ಗುರುವಾರ ಮಾತ್ರ ಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಿದ್ದರು. ಹೆಂಡತಿಯ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಅದರ ಚೂರು ಪರೀಕ್ಷೆಗೆ ಹೋಗಿ ಒಂಬತ್ತು ದಿನವಾಗಿತ್ತು, ಅಂದು ಹತ್ತರಿಂದ ಹನ್ನೊಂದರೊಳಗೆ ವರದಿ. ರಜೆ ಹಾಕುತ್ತೇನೆಂದರೆ ಆಕೆ ಒಪ್ಪಲಿಲ್ಲ. "ಆಸ್ಪತ್ರೇಲಿ ನನ್ನ ಪಕ್ಕ ಕೂತು ನೆಲ ಒತ್ತೋದು ಬೇಡ. ತಂಗಿ ಬರ್ತಾಳೆ. ಗೊತ್ತಾದ್ ತಕ್ಷಣ ಫೋನ್ ಮಾಡ್ತೀನಿ."

ಹತ್ತು ಗಂಟೆಯ ಪಾಠ ಟೈಲರಮ್ಮನದು. ಆಕೆ ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರು. ಮೋಟಾರು ಯಂತ್ರ ತುಳಿದರೆ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಕಾರೂ ಹಾಗೆಯೇ ಎಂದು ಅವರ ಕಾಲು ನಂಬಿಬಿಟ್ಟಿದೆ. ಅಡ್ಡ ಏನಾದರೂ ಬಂದರೆ ಕಾಲೆತ್ತಿ ಸುಮ್ಮನೆ ಕಾಯುತ್ತಾರೆ. ಹದಿನಾಲ್ಕು ಪಾಠಗಳಲ್ಲಿ ಪ್ರತಿಸಲವೂ ಕಾರು ನಿಲ್ಲಿಸಿದ್ದು ಮೇಷ್ಟ್ರು.

"ಎತ್ತಿದ್ರೆ ಸಾಲ್ದು ಟೈಲರಮ್ಮ, ಬ್ರೇಕ್ ತುಳೀಬೇಕು."

"ತುಳಿದ್ರೆ ಓಡುತ್ತೆ ಅಂತ ಇಷ್ಟು ವರ್ಷ ಹೊಟ್ಟೆ ಹೊರೆದಿದೀನಿ. ಈಗ ತುಳಿದ್ರೆ ನಿಲ್ಲುತ್ತೆ ಅಂತೀರಿ."

ಹತ್ತು ಇಪ್ಪತ್ತಕ್ಕೆ ಮೇಷ್ಟ್ರು ಗಡಿಯಾರ ನೋಡಿದರು. ಹತ್ತು ಇಪ್ಪತ್ತೊಂದಕ್ಕೆ ಮತ್ತೆ ನೋಡಿದರು. ಸೀಟ್ ಬೆಲ್ಟ್ ಎಳೆದು ಸಡಿಲಿಸಿದರು, ಕಿಟಕಿ ಇಳಿಸಿ ಏರಿಸಿದರು.

"ಗಡಿಯಾರ ನಿಂತುಹೋಗಿದ್ಯಾ ಮೇಷ್ಟ್ರೇ?"

"ಮುಂದೆ ನೋಡಿ."

"ನಾನು ಮುಂದೇನೇ ನೋಡ್ತಿದೀನಿ. ನೀವು ನೋಡ್ತಿಲ್ಲ."

ಮೇಲ್ಸೇತುವೆ ಹತ್ತಿ ಅರ್ಧ ದಾರಿ ಸಾಗಿದ್ದರು, ಫೋನು ಬಡಿದುಕೊಂಡಿತು. ಅಲ್ಲಿ ನಿಲ್ಲಿಸಲು ಜಾಗವಿಲ್ಲ. ಒಂದೇ ಸಾಲು, ಎರಡೂ ಕಡೆ ಗೋಡೆ. ಬಟ್ಟೆಯಿಲ್ಲದ ಖಾನೆಯೊಳಗೆ ಅದು ಗಡಗಡ ಸದ್ದು ಮಾಡಿ ಸುಮ್ಮನಾಯಿತು. ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರುವಾಯಿತು. ಒಂದು ಸಲ ಎತ್ತದಿದ್ದರೆ ಹೆಂಡತಿ ಮತ್ತೆ ಮಾಡುವವರಲ್ಲ. ಪಾಠ ನಡೆಯುತ್ತಿದೆ ಎಂದುಕೊಂಡು ಸುಮ್ಮನಿರುತ್ತಾರೆ.

ಮೇಷ್ಟರ ಕೈ ಖಾನೆಯ ಮುಚ್ಚಳ ತೆರೆಯಿತು. ಪರದೆಯ ಮೇಲೆ 'ಮನೆ' ಎಂದಿತ್ತು, ಹೆಂಡತಿಯ ನಂಬರು. ಆಗಲೇ ಮುಂದಿನ ಹಾಲಿನ ವ್ಯಾನಿನ ಹಿಂದೀಪಗಳು ಕೆಂಪಾದವು. ಟೈಲರಮ್ಮ ಕಾಲೆತ್ತಿದರು. ಕಾರು ಹೋಗುತ್ತಲೇ ಇತ್ತು. ಮೇಷ್ಟ್ರು ಬಲವಾಗಿ ತುಳಿದರು. ಕಾರು ಕುಕ್ಕಿ ನಿಂತು ಎಂಜಿನ್ ಆರಿಹೋಯಿತು. ವ್ಯಾನಿಗೂ ಕಾರಿಗೂ ನಡುವೆ ಒಂದು ಮಾರು ಉಳಿದಿತ್ತು.

ಮೇಷ್ಟ್ರು ಕೆಳಗೆ ನೋಡಿದರು. ಖಾನೆಯತ್ತ ಬಗ್ಗುವಾಗ ಕಾಲು ಹಿಂದೆ ಸರಿದಿತ್ತು. ಅದು ಒತ್ತಿ ಹಿಡಿದಿದ್ದು ಬ್ರೇಕನ್ನಲ್ಲ, ರಬ್ಬರ್ ಮ್ಯಾಟನ್ನು.

ಹಿಂದಿನಿಂದ ಹಾರನ್ ಕೇಳಿಸಿತು. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಅವರು ಮುಚ್ಚಳ ಹಾಕಿದರು. "ಸ್ಟಾರ್ಟ್ ಮಾಡಿ," ಎಂದರು.

ಸೇತುವೆ ಇಳಿಯುವಲ್ಲಿ ಟ್ರಾಫಿಕ್ ಪೊಲೀಸ್ ನಿಂತಿದ್ದ. ಮೇಷ್ಟರ ಎರಡೂ ಕೈ ಮಂಡಿಯ ಮೇಲಿದ್ದವು. ಟೈರ್ ಅಂಗಡಿಯ ಪಕ್ಕ ನಿಲ್ಲಿಸಲು ಹೇಳಿದರು. ಟೈಲರಮ್ಮ ಇಂಡಿಕೇಟರ್ ಹಾಕಿದರು, ಕನ್ನಡಿ ನೋಡಿದರು, ಎಲ್ಲವನ್ನೂ ಗುಂಡಿ ಹೊಲಿಯುವಷ್ಟು ನಿಧಾನವಾಗಿ ಮಾಡಿ ಕೀ ತೆಗೆದರು. ಮೇಷ್ಟ್ರು ಫೋನ್ ಹಿಡಿದು ಇಳಿದು ಫುಟ್‌ಪಾತಿನ ಮೇಲೆ ನಿಂತು ಹೆಂಡತಿಗೆ ಕರೆ ಮಾಡಿದರು.

"ಕೆಟ್ಟ ಗಂಟಲ್ಲವಂತೆ," ಎಂದರು ಹೆಂಡತಿ. "ಆದ್ರೆ ಬೆಳೀತಿದೆ, ತೆಗೀಲೇಬೇಕಂತೆ. ಮುಂದಿನ ವಾರ ಆಪರೇಷನ್."

"ಎರಡು ಸಲ ಯಾಕ್ ಮಾಡ್ದೆ?"

"ಎರಡನೇದು ನನ್ನ ಫೋನ್ ಕಿತ್ಕೊಂಡು ಮಾಡಿದ್ದು ತಂಗಿ. ಬೇಡ ಅಂದ್ರೂ ಕೇಳ್ಬೇಕಲ್ಲ ಅವ್ಳು. ಯಾಕೆ, ಏನಾಯ್ತು?"

"ಏನಿಲ್ಲ. ಸಂಜೆ ಬೇಗ ಬರ್ತೀನಿ."

ಫೋನನ್ನು ಖಾನೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದರು. ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ಟೈಲರಮ್ಮ, ಸೇತುವೆ ಮೇಲೆ ಬ್ರೇಕ್ ಹಾಕಿದ್ದು ನಾನಲ್ಲ."

"ಗೊತ್ತು. ನಿಮ್ಮ ಕಾಲು ಎಲ್ಲಿತ್ತು ಅಂತ ನೋಡ್ದೆ. ಅದಕ್ಕೇ ತುಳಿದೆ."

ಮೇಷ್ಟ್ರು ಕಾಲನ್ನು ಮುಂದೆ ಸರಿಸಿ ಬ್ರೇಕಿನ ಮೇಲಿಟ್ಟು ಒತ್ತಿದರು. ಟೈಲರಮ್ಮ ಕೀ ಹಾಕಿ, ತಿರುಗಿಸದೆ, ಅವರ ಕಾಲಿನತ್ತ ನೋಡಿದರು.

"ಸ್ವಲ್ಪ ಸಡಿಲ ಬಿಡಿ ಮೇಷ್ಟ್ರೇ. ಗಾಡಿ ಇನ್ನೂ ಸ್ಟಾರ್ಟೇ ಆಗಿಲ್ಲ."