ಬೋಲ್ಟಿನ ಕೆಳಗಿನ ಬಣ್ಣ

ಕೊಪ್ಪದಲ್ಲಿ ನನ್ನದೊಂದು ವಾಹನಗಳ ವೈರಿಂಗ್ ಅಂಗಡಿ ಇತ್ತು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಇಳಿಜಾರಿಗೆ, ಎರಡು ಗಾಡಿ ನಿಲ್ಲುವಷ್ಟು ಜಾಗ. ಹಾರನ್, ಹೆಡ್‌ಲೈಟ್, ಸೆಲ್ಫ್ ಮೋಟಾರು ಯಾವುದೇ ಆಗಲಿ, ನನ್ನ ಕೈಗೆ ಬಂದರೆ ಸರಿಯಾಗುತ್ತದೆ ಎಂಬ ಹೆಸರಿತ್ತು. ಆ ಹೆಸರು ಊರಿನವರು ಕೊಟ್ಟಿದ್ದಕ್ಕಿಂತ ನಾನೇ ಹೇಳಿಕೊಂಡು ತಿರುಗಿದ್ದು ಹೆಚ್ಚು. ಬೇರೆಯವರ ವೈರಿಂಗ್ ಕಂಡರೆ "ಇದು ಯಾವ ಪುಣ್ಯಾತ್ಮನ ಕೆಲಸ?" ಎಂದು ಗಿರಾಕಿಯ ಎದುರೇ ನಗುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿರಬೇಕು. ಕಾರಿಗೆ ಅಲಾರಂ ಹಾಕಿಸುವ ಹುಚ್ಚು ನಮ್ಮ ಕಡೆಗೂ ಬಂದಿತ್ತು. ಅಡ್ಡಗದ್ದೆ ಕಡೆಯ ಯಜಮಾನರೊಬ್ಬರು ಹಳೆಯ ಅಂಬಾಸಿಡರ್ ಕೊಟ್ಟು ಹೊಸ ಕಾರು ತಂದವರು, ಸೀದಾ ನನ್ನಲ್ಲಿಗೆ ಬಂದು ಅಲಾರಂ ಹಾಕಿಸಿದರು. ಜೊತೆಯಲ್ಲಿ ಅವರ ಡ್ರೈವರ್ ಇದ್ದ. ಹನ್ನೊಂದು ವರ್ಷದಿಂದ ಆ ಮನೆಯ ಗಾಡಿ ಓಡಿಸುತ್ತಿದ್ದವನು. ಅವನಿಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಕೊಪ್ಪಕ್ಕೆ ಬಂದಾಗಲೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಚಾ ಕುಡಿದು, ಎಲೆ-ಅಡಿಕೆಯ ಕವಳ ಹಾಕಿಕೊಂಡು ಹೋಗುವುದು ಅವನ ಪದ್ಧತಿ.

ಅಲಾರಂ ಅವನಿಗೆ ಹಿಡಿಸಲಿಲ್ಲ. "ಇದೆಂತಕ್ಕೆ ಅಯ್ಯ? ಕಾರು ಕಾಯ್ಲಿಕ್ಕೆ ನಾನಿಲ್ವಾ?" ಎಂದು ಯಜಮಾನರನ್ನು ಕೇಳಿದ.

"ನೀನು ನಿದ್ದೆ ಮಾಡ್ತಿ ಮಾರಾಯ. ಇದು ಮಾಡಲ್ಲ" ಎಂದೆ ನಾನು. ಮೂವರೂ ನಕ್ಕೆವು.

ಮಳೆ ಹಿಡಿಯಿತು. ಅಲಾರಮ್ಮಿಗೆ ಭೂತ ಹಿಡಿಯಿತು. ಯಾರೂ ಮುಟ್ಟದಿದ್ದರೂ ಕೂಗುವುದು, ನಿಲ್ಲಿಸಿದರೆ ಅರ್ಧ ಗಂಟೆ ಬಿಟ್ಟು ಮತ್ತೆ ಕೂಗುವುದು. ಯಜಮಾನರು ಪೂಜೆಗೆ ಕೂತರೆ ಹೊರಗೆ ಇದರ ಮಂಗಳಾರತಿ. ನರಸಿಂಹರಾಜಪುರದ ಒಂದು ಮದುವೆಯಲ್ಲಂತೂ ಗಟ್ಟಿಮೇಳದ ಜೊತೆಗೇ ಶುರುವಾದದ್ದು, ಓಲಗದವರು ನಿಲ್ಲಿಸಿದ ಮೇಲೂ ನಿಲ್ಲಲಿಲ್ಲವಂತೆ. ಜನ ನಕ್ಕರಂತೆ. ಯಜಮಾನರಿಗೆ ಅವಮಾನವಾಗಿತ್ತು.

ಕಾರು ಮೊದಲ ಸಲ ಬಂದಾಗ ಸೆನ್ಸರಿನ ಸೂಕ್ಷ್ಮತೆ ಕಡಿಮೆ ಮಾಡಿದೆ. ಎರಡನೇ ಸಲ ಬಾಗಿಲಿನ ಸ್ವಿಚ್ಚುಗಳನ್ನೂ ರಿಮೋಟಿನ ಸೆಲ್ಲನ್ನೂ ಬದಲಾಯಿಸಿದೆ. ನನ್ನ ಅಂಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಿಸಿದರೂ ಅದು ತುಟಿಪಿಟಿಕ್ ಎನ್ನುತ್ತಿರಲಿಲ್ಲ. ಅಡ್ಡಗದ್ದೆಗೆ ಹೋಗಿ ಒಂದು ದಿನ ನಿಂತರೆ ಸಾಕು, ಮತ್ತೆ ಅದೇ ಕಥೆ.

ಮೂರನೇ ಸಲ ಬಂದಾಗ ಯಜಮಾನರು, "ಎಂತ ಮಾರಾಯ, ನಿನ್ನ ಕೈಲಿ ಆಗಲ್ಲ ಅಂತಾದ್ರೆ ಹೇಳು. ಶಿವಮೊಗ್ಗಕ್ಕೆ ತಗೊಂಡು ಹೋಗ್ತೀನಿ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ನನಗೆ ಮೈಯೆಲ್ಲ ಉರಿಯಿತು.

ಬಾನೆಟ್ ಎತ್ತಿದೆ. ಬಾನೆಟ್ ತೆಗೆದರೆ ಅಲಾರಂ ಕೂಗಿಸುವ ಸ್ವಿಚ್ಚಿನ ಹತ್ತಿರ ಹೊಗೆಸೊಪ್ಪಿನ ಒಂದು ಸಣ್ಣ ಕಟ್ಟು ಸಿಕ್ಕಿತು. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬಂದು ವೈರು ಕಡಿಯುತ್ತವೆ. ಹೊಗೆಸೊಪ್ಪಿನ ಘಾಟಿಗೆ ಬರುವುದಿಲ್ಲ ಎಂದು ನಮ್ಮಲ್ಲಿ ಎಷ್ಟೋ ಜನ ಇಡುತ್ತಾರೆ. ಅವನಿಗೆ ಹಾಗೆ ಇಡಲು ಹೇಳಿಕೊಟ್ಟವನು ನಾನೇ. ಅದು ಗೊತ್ತಿದ್ದೂ ಆ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಬಾನೆಟ್ಟಿನೊಳಗೆ ಯಾರದೋ ಕೈ ಆಡಿದೆ ಯಜಮಾನ್ರೇ" ಎಂದುಬಿಟ್ಟೆ.

"ಇಲಿಗೆ ಅಂತ ನಾನಿಟ್ಟದ್ದು ಅದು. ಇವನೇ ಹೇಳಿದ್ದಲ್ವಾ?" ಎಂದ ಡ್ರೈವರ್, ನನ್ನ ಕಡೆ ತೋರಿಸಿ.

"ಇಲಿಗೆ ಇಡು ಅಂದದ್ದು ಹೌದು. ಸ್ವಿಚ್ಚಿಗೆ ಕೈ ಹಾಕು ಅಂದಿದ್ನಾ?"

ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವುದನ್ನು ಎಷ್ಟೋ ಜನರಿಗೆ ಹೇಳಿ ನಕ್ಕಿದ್ದೇನೆ. ಆವತ್ತು ಕುಣಿಯಲಾರದವನು ನಾನೇ. ಯಜಮಾನರಿಗೆ ಅಲಾರಂ ಹಾಕಿಸಿದ ದಿನ ಅವನಾಡಿದ ಮಾತು ನೆನಪಿಗೆ ಬಂದಿರಬೇಕು. ಅಲಾರಂ ತೆಗೆಸಲೆಂದು ಇವನೇ ಏನೋ ಮಾಡುತ್ತಿದ್ದಾನೆ ಎಂದು ಅವರ ತಲೆಗೆ ಹೊಕ್ಕಿತು. ಆದರೂ ಅವರು ಬೈಯಲಿಲ್ಲ.

"ನಾಳೆ ಶೃಂಗೇರಿಗೆ ಹೋಗೋದಿದೆ" ಎಂದರು ಮೆಲ್ಲಗೆ. "ಅಮ್ಮನವರ ಎದುರು ನಿಂತು, ನಾನು ವೈರು ಮುಟ್ಟಿಲ್ಲ ಅಂತ ಹೇಳಿಬಿಡು. ಅಲ್ಲಿಗೆ ಮುಗೀತು."

ನಮ್ಮ ಕಡೆ ಬೇಲಿಯ ಜಗಳ, ನೀರಿನ ಜಗಳ ಎಷ್ಟೋ ಹೀಗೇ ಮುಗಿಯುತ್ತವೆ. ಆಣೆ ಹಾಕಿದವನನ್ನು ನಂಬುತ್ತಾರೆ, ಮತ್ತೆ ಆ ಮಾತು ಎತ್ತುವುದಿಲ್ಲ. ಹಾಕದವನ ಗತಿ ಮಾತ್ರ ಕಷ್ಟ. ಡ್ರೈವರ್ ಹೂಂ ಎನ್ನುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ ನಾನು.

ಅವನು ಬಾಯಲ್ಲಿದ್ದ ಕವಳವನ್ನು ಹೊರಗೆ ಹೋಗಿ ಉಗಿದು ಬಂದ. "ಹನ್ನೊಂದು ವರ್ಷದ ಮೇಲೂ ನನ್ನ ಮಾತು ಸಾಲಲ್ಲ ಅಂತಾದ್ರೆ ಬಿಡಿ ಅಯ್ಯ. ಒಂದು ಕಾರಿನ ಕೂಗಿಗೆ ಆ ತಾಯೀನ ಸಾಕ್ಷಿ ಕರೆಯಲ್ಲ ನಾನು" ಎಂದು ಕೀಲಿಯನ್ನು ನನ್ನ ಬೆಂಚಿನ ಮೇಲಿಟ್ಟು ಬಸ್ ಸ್ಟ್ಯಾಂಡ್ ಕಡೆಗೆ ನಡೆದ. ನಾನು ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ.

ಮಳೆ ಬಿಟ್ಟಿತು, ಅಲಾರಂ ಕೂಗುವುದೂ ನಿಂತಿತು. "ಅವನು ಹೋದ, ಕೂಗೂ ಹೋಯ್ತು ನೋಡು" ಎಂದು ಯಜಮಾನರು ಫೋನ್ ಮಾಡಿ ಹೇಳಿದರು. ಆ ಸುದ್ದಿ ಮನೆಯಿಂದ ಮನೆಗೆ ಹೋಯಿತು. ಉಂಡ ಮನೆಯ ಕಾರಿನ ವೈರು ಕಿತ್ತವನು, ಆಣೆ ಹಾಕು ಎಂದರೆ ಓಡಿಹೋದವನು ಎಂದು ಜನ ಆಡಿಕೊಂಡರು. ಶೃಂಗೇರಿ ಸುತ್ತಿನಲ್ಲಿ ಅವನನ್ನು ಯಾರೂ ಡ್ರೈವರಾಗಿ ಇಟ್ಟುಕೊಳ್ಳಲಿಲ್ಲ. ನಾನೂ ಒಂದಿಬ್ಬರ ಹತ್ತಿರ "ನಾನೇ ಹಿಡಿದದ್ದು" ಎಂದು ಜಂಬ ಕೊಚ್ಚಿಕೊಂಡೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮರು ವರ್ಷ ಮಳೆ ಶುರುವಾದ ವಾರದಲ್ಲೇ ಕಾರು ಮತ್ತೆ ಬಂತು. ಹೊಸ ಡ್ರೈವರ್, ಹಳೆಯ ಕೂಗು. ಯಜಮಾನರನ್ನು ಹೊರಗೆ ಕೂರಿಸಿ ನಾನು ಹಾಕಿದ್ದ ಅಷ್ಟೂ ವೈರನ್ನು ಒಂದೊಂದಾಗಿ ಬಿಚ್ಚಿದೆ. ಕೊನೆಗೆ ಉಳಿದದ್ದು ಅರ್ಥಿಂಗ್ ವೈರು. ಅದನ್ನು ಕಾರಿನ ಮೈತಗಡಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಕೂರಿಸುವ ಮೊದಲು ಅಲ್ಲಿನ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಬೇಕು. ಕೆಲಸ ಕಲಿಯಲು ಬಂದವನಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ನಾನು ಕೆರೆದಿರಲಿಲ್ಲ. ಹೊಸ ಕಾರು, ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರ ಕಣ್ಣೆದುರು ಬಣ್ಣ ಕೆರೆಯಲು ಮನಸ್ಸಾಗದೆ ಹಾಗೇ ಬೋಲ್ಟ್ ಬಿಗಿದಿದ್ದೆ. ಮಳೆಗಾಲದ ತೇವಕ್ಕೆ ಅಲ್ಲಿ ತುಕ್ಕು ಹಿಡಿದು ಕರೆಂಟು ಬಿಟ್ಟು ಬಿಟ್ಟು ಹರಿದು ಅಲಾರಂ ತಾನಾಗಿ ಕೂಗುತ್ತಿತ್ತು. ಕೊಪ್ಪಕ್ಕೆ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿಗೆ ಒಣಗಿ ಸರಿಯಾಗುತ್ತಿತ್ತು.

ಉಪ್ಪುಕಾಗದದಿಂದ ಬಣ್ಣ, ತುಕ್ಕು ಎಲ್ಲ ಉಜ್ಜಿ ತೆಗೆದು ಬಿಗಿದೆ. ಐದು ನಿಮಿಷದ ಕೆಲಸ.

"ಎಂತ ಆಗಿತ್ತು?" ಎಂದರು ಯಜಮಾನರು.

"ತೇವ ಯಜಮಾನ್ರೇ."

"ಅವನು ಆಗ ಎಂತದೋ ಮಾಡಿಟ್ಟು ಹೋದದ್ದೇ ಅಲ್ವಾ ಇದು?"

ಕೈ ಒರೆಸಿಕೊಳ್ಳುತ್ತಾ, ತಲೆಯೆತ್ತದೆ, "ಇರಬಹುದು" ಎಂದೆ. ಮೊದಲ ಸಲ ಆಡಿದ್ದು ಸಿಟ್ಟಿನ ಮಾತು, ಅದಕ್ಕೆ ಕ್ಷಮೆ ಇರಬಹುದು. ಇದನ್ನು ಎಲ್ಲ ತಿಳಿದು, ತಣ್ಣಗೆ ಆಡಿದ್ದೆ. ಆ ಅಲಾರಂ ಮತ್ತೆ ಯಾವತ್ತೂ ಸುಮ್ಮಸುಮ್ಮನೆ ಕೂಗಲಿಲ್ಲ.

ಅದಾಗಿ ಮೂರು ವರ್ಷದ ಮೇಲೆ ಒಂದು ಭಾನುವಾರ ಅಂಗಡಿಯ ಮುಂದೆ ಜೀಪೊಂದು ನಿಂತಿತು. ಇಳಿದವನು ಅವನೇ. ಕೂದಲು ಅರ್ಧ ಬೆಳ್ಳಗಾಗಿತ್ತು. ಬಸರೀಕಟ್ಟೆಯ ಕಾಫಿ ತೋಟವೊಂದರಲ್ಲಿ ಕೆಲಸದವರನ್ನು ಕರೆತರುವ ಜೀಪು ಓಡಿಸುತ್ತಿದ್ದೇನೆ ಎಂದ. ಹಾರನ್ ಕೆಟ್ಟಿತ್ತು, ಬೇರೆ ಅಂಗಡಿ ತೆರೆದಿರಲಿಲ್ಲ. ಬೆಂಚು ತೋರಿಸಿದೆ, ಕೂರಲಿಲ್ಲ.

ಹಾರನ್ ಸರಿಮಾಡಿ ಮುಗಿಸಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಬೋಲ್ಟು, ಬಣ್ಣ, ನಾನಾಡಿದ "ಇರಬಹುದು", ಎಲ್ಲ ಹೇಳಿದೆ. "ತಪ್ಪು ನಂದು ಮಾರಾಯ" ಎಂದೆ. ಅವನು ಬೈದರೂ, ಹೊಡೆದರೂ ಸರಿ ಎಂದು ಕಾದೆ.

"ಅಯ್ಯನಿಗೆ ಹೇಳಿದ್ಯಾ?" ಎಂದು ಕೇಳಿದ.

ಯಜಮಾನರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಅದು ಅವನಿಗೂ ಗೊತ್ತಿತ್ತು.

"ಇಲ್ಲ" ಎಂದೆ.

"ಅವರು ಹೋದ ದಿನ ಸುದ್ದಿ ತಿಳಿದು ಗೇಟಿನ ತನಕ ಹೋಗಿದ್ದೆ" ಎಂದ. "ವೈರು ಕಿತ್ತೋನು ಬಂದ ಅಂತ ಒಳಗೆ ಯಾರೋ ಅಂದ್ರು. ಹಾಗೇ ತಿರುಗಿ ಬಂದೆ. ಅಯ್ಯನ ಮುಖ ನೋಡಿಲ್ಲ."