ಬೆಲ್ಲ ಮೊದಲು ಬಿದ್ದ ಸಾರು

ಮೊನ್ನೆ ನನ್ನ ಸೊಸೆ ವಿಜಯನಗರದ ಅಂಗಡಿಯೊಂದರಿಂದ ಪುಟ್ಟ ಪೊಟ್ಟಣವೊಂದನ್ನು ತಂದಳು. ಜಪಾನಿನ ಅಜುಕಿ ಕಾಳಂತೆ. ಕಡುಗೆಂಪು ಬಣ್ಣ, ಪಕ್ಕದಲ್ಲೊಂದು ಸಣ್ಣ ಬಿಳಿ ಗೆರೆ. "ಅತ್ತೆ, ಅಲ್ಲಿಯೋರು ಈ ಕಾಳಿಗೆ ಸಕ್ಕರೆ ಹಾಕಿ ಸಿಹಿ ಮಾಡ್ತಾರಂತೆ. ವಿಚಿತ್ರ ಅಲ್ವಾ?" ಎಂದಳು. ನಾನು ಸುಮ್ಮನೆ ನಕ್ಕೆ. ಇವತ್ತು ಬೆಳಿಗ್ಗೆ ನೆನೆದ ಕಾಳು ಒಲೆಯ ಮೇಲೆ ಕುದಿಯತೊಡಗಿದಾಗ ಅಡಿಗೆಮನೆಯಲ್ಲಿ ಆ ವಾಸನೆ ಎದ್ದಿತು… ಒದ್ದೆ ಕಟ್ಟಿಗೆಯಂಥದ್ದು, ಒಂದಿಷ್ಟು ಮಣ್ಣಿನಂಥದ್ದು. ಲಕ್ಷ್ಮೀಪುರಂನ ನಮ್ಮ ಹಳೆಯ ಮನೆಯ ಪಕ್ಕದಲ್ಲಿದ್ದ ದೊಡ್ಡಮ್ಮ ಕಣ್ಣ ಮುಂದೆ ಬಂದು ನಿಂತರು.

ಅವರು ನಮಗೆ ಬಂಧುವಲ್ಲ. ನರಸೀಪುರದ ಕಡೆಯ ಹಳ್ಳಿಯ ಒಕ್ಕಲು ಮನೆತನದವರು. ಮದುವೆಯಾಗಿ ಮೈಸೂರಿಗೆ ಬಂದವರು. ಆದರೂ ನಮ್ಮ ಮನೆಯ ಮಕ್ಕಳಿಗೆಲ್ಲ ದೊಡ್ಡಮ್ಮ. ಐವತ್ತರ ದಶಕದ ಕೊನೆಯ ಮಾತು. ನಾನು ಕಾನ್ವೆಂಟಿನಿಂದ ಬಂದವಳೇ ಕಪ್ಪು ಬೂಟು ಕಳಚಿ ಅವರ ಹಿತ್ತಿಲ ಬಾಗಿಲಲ್ಲಿ ಹಾಜರಾಗುತ್ತಿದ್ದೆ. "ಬಾ ದೊರೆಸಾನಮ್ಮ, ಮುಗೀತಾ ನಿನ್ ಟಸ್ಸು ಪುಸ್ಸು?" ಎನ್ನುತ್ತ ಮಣೆ ಸರಿಸುತ್ತಿದ್ದರು. ಒಂದು ದಿನ ಕೆಂಪು ಅಲಸಂದೆ ಆರಿಸುತ್ತ, "ನಿಮ್ ಸಿಸ್ಟರಮ್ಮ ಇದಕ್ಕೆ ಏನಂತಾರೆ?" ಎಂದು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ: ಬೀನ್ಸ್.

"ಹುರುಳಿಕಾಯಿಗೂ ಬೀನ್ಸು, ಇದಕ್ಕೂ ಬೀನ್ಸಾ? ಅಯ್ಯೋ, ಹೆಸರಿಡೋಕೂ ಸೋಮಾರಿತನ ಕಣವ್ವ ಅವ್ರಿಗೆ!"

ಆ ಕಾಳು ಅವರ ತವರಿನ ಹೊಲದ್ದು. ಅದರ ಹಿಂದೆ ಒಂದು ಸಂಕಟವಿತ್ತು. ಅವರ ತಾಯಿ ತೀರಿಕೊಂಡಾಗ ಅವರ ಯಜಮಾನರು ಇಲ್ಲಿ ಆಸ್ಪತ್ರೆಯಲ್ಲಿದ್ದರು. ದೊಡ್ಡಮ್ಮ ಊರು ಮುಟ್ಟುವ ಹೊತ್ತಿಗೆ ಮಣ್ಣಿಗೆ ಹಾಕಿ ಆಗಿತ್ತು. "ಇನ್ನು ಈ ಹೊಸಿಲು ತುಳೀಬೇಡ" ಎಂದುಬಿಟ್ಟಿದ್ದರು ಅವರ ಅಣ್ಣ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಆದರೆ ವರ್ಷಕ್ಕೊಮ್ಮೆ, ಸಂಕ್ರಾಂತಿಯ ಮುಂಚೆ, ಆ ಊರಿನಿಂದ ಮಾರುಕಟ್ಟೆಗೆ ವೀಳ್ಯದೆಲೆ ತರುವವನು ಒಂದು ಚೀಲ ಅಲಸಂದೆಯನ್ನು ಜಗಲಿಯ ಮೇಲಿಟ್ಟು ಹೋಗುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ದೊಡ್ಡಮ್ಮನೂ ಕೇಳುತ್ತಿರಲಿಲ್ಲ. ಚೀಲದ ಬಾಯಿ ಬಿಚ್ಚಿ ಒಮ್ಮೆ ಮೂಸುತ್ತಿದ್ದರು, ಅಷ್ಟೆ.

ಆ ಒಂದೇ ಕಾಳಿನಲ್ಲಿ ಅವರು ಸಿಹಿಯನ್ನೂ ಖಾರವನ್ನೂ ಮಾಡುತ್ತಿದ್ದ ಬಗೆ ನೋಡಬೇಕು. ಬಳೆಗಳನ್ನು ಮೊಣಕೈಯತ್ತ ಏರಿಸಿ, ಬೆಂದ ಕಾಳಿನ ಕೆಂಪು ನೀರನ್ನು ಬಸಿದುಕೊಳ್ಳುತ್ತಿದ್ದರು. ಅದೇ 'ಕಟ್ಟು'. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ತೆಂಗಿನಕಾಯಿ ರುಬ್ಬಿ ಹಾಕಿದರೆ ಕಟ್ಟು ಸಾರಾಗುತ್ತಿತ್ತು. ಬಸಿದ ಕಾಳು ಬೆಲ್ಲ, ಏಲಕ್ಕಿಯ ಜೊತೆ ಒರಳಿಗೆ ಬಿದ್ದು ಕಡುಬಿನ ಹೂರಣವಾಗುತ್ತಿತ್ತು. "ಮೊದ್ಲು ಕಟ್ಟು ಬಸ್ಕೊ, ಆಮೇಲೆ ಬೆಲ್ಲ. ಬೆಲ್ಲ ಮುಂಚೆ ಬಿತ್ತೋ, ಸಾರು ಕೆಟ್ಟೋಯ್ತು ಅಂತಾನೇ ತಿಳ್ಕೊ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ.

ಒಂದು ವರ್ಷ ಚೀಲ ಬರಲಿಲ್ಲ. ಸಂಕ್ರಾಂತಿ ಕಳೆಯಿತು. ದೊಡ್ಡಮ್ಮ ದಿನವೂ ಜಗಲಿ ಗುಡಿಸುವ ನೆಪದಲ್ಲಿ ಬೀದಿಯ ಕಡೆ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಎಲೆಯವನನ್ನೇ ಕೇಳಿದರು. "ನಂಗೇನೂ ಕೊಡ್ನಿಲ್ಲ ಕಣವ್ವ" ಎಂದ. ಒಳಗೆ ಬಂದು ನನ್ನ ಮುಂದೆ ಕೂತು, "ಕಾಳು ಬರೋಗಂಟ ನಂಗೂ ಒಂದು ತವರು ಅಂತ ಇತ್ತು ಮಗಾ…" ಎಂದರು. ನಾನು ಅವರ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದೆ.

ಅದಾದ ಮೇಲೊಂದು ಭಾನುವಾರ ಅವರು ಮಾರುಕಟ್ಟೆಯಿಂದಲೇ ಅಲಸಂದೆ ತರಿಸಿ ಬೇಯಿಸುತ್ತಿದ್ದರು. ಕಾಳು ಬೆಂದಿತ್ತು, ಇನ್ನೂ ಬಸಿದಿರಲಿಲ್ಲ. ನಾನು ಕುಟ್ಟಿಕೊಟ್ಟ ಬೆಲ್ಲದ ತಟ್ಟೆ ಅವರ ಕೈಯಲ್ಲಿತ್ತು. ಹೊರಗೆ ಗೇಟು ಕಿರ್ರೆಂದಿತು. ಕಿಟಕಿಯಲ್ಲಿ ಇಣುಕಿದರೆ, ಹೆಗಲ ಮೇಲೆ ಚೀಲ ಹೊತ್ತ, ಎತ್ತರದ, ನರೆತ ಮೀಸೆಯ ಗಂಡಸು. ದೊಡ್ಡಮ್ಮ ತಟ್ಟೆಯ ಬೆಲ್ಲವನ್ನೆಲ್ಲ ಒಲೆಯ ಮೇಲಿನ ಪಾತ್ರೆಗೇ ಸುರಿದು ಹೊರಗೋಡಿದರು.

ಅಣ್ಣ ಗೇಟಿನಲ್ಲೇ ನಿಂತಿದ್ದರು. "ಎಲೆಯೋನ ಕೈಗೆ ಕೊಡೋದು ಮರ್ತೋಯ್ತು. ಅದ್ಕೇ ನಾನೇ ತಂದೆ" ಎಂದರು, ಮುಖ ಬೇರೆ ಕಡೆ ಮಾಡಿ.

"ಚೀಲ ಇಳಿಸಣ್ಣ. ಉಂಡ್ಕೊಂಡು ಹೋಗೀವಂತೆ."

ಉಣ್ಣಲು ಕೂತರು. ಮುದ್ದೆ, ಸಾರು. ದೊಡ್ಡಮ್ಮ ರುಚಿ ನೋಡಿ ಬಡಿಸುವವರಲ್ಲ. ಬೆಲ್ಲ ಎಲ್ಲಿ ಬಿತ್ತೆಂಬುದೂ ಅವರಿಗೆ ನೆನಪಿರಲಿಲ್ಲ. ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮೊದಲ ತುತ್ತು ನುಂಗಿದರು. ಅವರ ಕೈ ತಟ್ಟೆಯಲ್ಲೇ ನಿಂತುಹೋಯಿತು. ದೊಡ್ಡಮ್ಮ ಸೌಟಿಗೆ ನಾಲಿಗೆ ತಾಗಿಸಿದವರೇ ಬಿಳಿಚಿಕೊಂಡರು.

"ಅಯ್ಯೋ, ಬೆಲ್ಲ ಮುಂಚೇನೇ ಹಾಕ್ಬುಟ್ಟೆ… ಬುಡಣ್ಣ, ಉಣ್ಬೇಡ."

ಅಣ್ಣ ತಲೆಯೆತ್ತಲಿಲ್ಲ. "ಅವ್ವನೂ ಹಿಂಗೇ ಮಾಡ್ತಿತ್ತು ಕಣಮ್ಮಿ. ಕೊನೇಗಾಲ್ದಲ್ಲಿ ಎಲ್ಲಾ ಮರ್ತೋಗ್ತಿತ್ತು ಅದಕ್ಕೆ. ಬೆಲ್ಲ ಹಾಕ್ಬುಟ್ಟು ಆಮೇಲೆ ಬಸಿಯೋದು. ನಾನೂ ಏನೂ ಅನ್ನದೆ ಉಣ್ತಿದ್ದೆ. ನಿನ್ನೂ ಕೇಳ್ತಿತ್ತು…" ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ಇನ್ನೊಂದೀಟು ಬುಡು."

ದೊಡ್ಡಮ್ಮ ಬಡಿಸಿದರು. ಆಮೇಲೆ ತಾವೂ ಒಂದು ತಟ್ಟೆ ಹಾಕಿಕೊಂಡು ಅಣ್ಣನ ಎದುರು ಕೂತರು.

ಆಮೇಲೆ ಎಲೆಯವನು ಚೀಲ ತರಲಿಲ್ಲ, ಅಣ್ಣನೇ ತರುತ್ತಿದ್ದರು. ಅವರು ಬಂದ ದಿನ ಮಾತ್ರ ದೊಡ್ಡಮ್ಮ ಬಸಿಯುವ ಮುಂಚೆಯೇ ಒಂದು ಉಂಡೆ ಬೆಲ್ಲ ಹಾಕುತ್ತಿದ್ದರು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ.

ನಾವು ಜಯಲಕ್ಷ್ಮಿಪುರಂಗೆ ಮನೆ ಬದಲಾಯಿಸಿದೆವು. ನನ್ನ ಮದುವೆಯಾಯಿತು. ದೊಡ್ಡಮ್ಮ ಹೋದ ಸುದ್ದಿ ನನಗೆ ತಲುಪಿದ್ದು ಎಷ್ಟೋ ತಿಂಗಳ ಮೇಲೆ… ನನಗೂ ಕೊನೆಯ ಮುಖ ನೋಡಲು ಸಿಗಲಿಲ್ಲ.

ಇವತ್ತು ಸೊಸೆ ಜರಡಿ ಹಿಡಿದು ನಿಂತಿದ್ದಳು. ನಾನು ಬಸಿಯುವ ಮೊದಲೇ ಒಂದು ಉಂಡೆ ಬೆಲ್ಲ ಹಾಕಿದೆ. ಊಟಕ್ಕೆ ಕೂತಾಗ ಅವಳು ಹುಬ್ಬೇರಿಸಿದಳು. "ಅತ್ತೆ, ಸಾರು ಯಾಕೋ ಸಿಹಿಯಾಗಿದೆ…"

"ಹೌದು ಕಣಮ್ಮ" ಎಂದೆ. ಇನ್ನೊಂದೀಟು ಬುಡು ಎನ್ನುವವರಿಲ್ಲ, ಬಡಿಸುವ ಆ ಕೈಯೂ ಇಲ್ಲ. ನನ್ನ ತಟ್ಟೆಗೆ ನಾನೇ ಇನ್ನೊಂದು ಸೌಟು ಹಾಕಿಕೊಂಡೆ.